ದುರ್ಗವ್ವನ ಬಲಗೈ

ಇಳಕಲ್ಲಿನ ಆ ಓಣಿಯಲ್ಲಿ ಸೀರೆಗೆ ಸೆರಗು ಕೂಡಿಸಬೇಕೆಂದರೆ ಎಲ್ಲರೂ ದುರ್ಗವ್ವನನ್ನೇ ಕರೆಯುತ್ತಿದ್ದರು. ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಎಂದರೆ ಉದ್ದಕ್ಕೆ ಎಳೆದು ಕಟ್ಟುವ ನೂಲು; ಸೆರಗಿಗೆ ಬೇರೆಯದೇ ಹಾಸು. ಒಡಲಿನ ಎಳೆ ಎಳೆಗೂ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಸೇರಿಸಿದ ಮೇಲೆಯೇ ಮಗ್ಗ ಮುಂದೆ ನಡೆಯುವುದು. ಅದಕ್ಕೆ ಕಣ್ಣು ಚುರುಕಾಗಿರಬೇಕು, ಬೆರಳು ಅದಕ್ಕಿಂತ ಚುರುಕಾಗಿರಬೇಕು. ದುರ್ಗವ್ವನೋ, ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟು, ನಡುನಡುವೆ ತನ್ನದೂ ಒಂದು ಮಾತು ಸೇರಿಸುತ್ತ, ಎಳೆಯ ಕಡೆ ನೋಡದೆಯೇ ಕೊಂಡಿ ಹಾಕಿಬಿಡುತ್ತಿದ್ದಳು.

ಅಂಥ ಕೈ ಬಸ್ಸಿನ ಬಾಗಿಲಿಗೆ ಸಿಕ್ಕಿತು. ಹುನಗುಂದದ ಬಸ್ಸು, ಸಂತೆಯ ದಿನದ ನೂಕುನುಗ್ಗಲು; ಯಾರೋ ಒಳಗಿನಿಂದ ಬಾಗಿಲು ಎಳೆದುಕೊಂಡರು. ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಪಟ್ಟಿ ಹಾಕಿದರು, ಎಲುಬು ಕೂಡಿತು. ನೋವು ಮಾತ್ರ ಹೋಗಲಿಲ್ಲ, ದಿನದಿಂದ ದಿನಕ್ಕೆ ಹೆಚ್ಚಾಯಿತು. ಕೈ ಬಾತುಕೊಂಡು ಕೆಂಪಗಾಗಿ, ಕೆಂಡದ ಮೇಲಿಟ್ಟ ಹಾಗೆ ಉರಿಯತೊಡಗಿತು. ಫ್ಯಾನಿನ ಗಾಳಿ ಬೀಸಿದರೆ ಹಲ್ಲು ಕಚ್ಚಬೇಕು. ಯಾರದಾದರೂ ಸೀರೆಯ ಸೆರಗು ಸವರಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಇಳಕಲ್ಲಿನಲ್ಲಿ ಸೆರಗು ಸವರದ ಜಾಗ ಎಲ್ಲಿಂದ ತರುವುದು?

ಎರಡು ವರ್ಷ ಅವಳು ತಿರುಗದ ದವಾಖಾನೆ ಇಲ್ಲ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದವರೆಲ್ಲ ಎಲುಬು ಚೆನ್ನಾಗಿದೆ, ಇನ್ನೇನೂ ಇಲ್ಲ ಎಂದು ಹೇಳಿ ಕಳಿಸಿದರು. ಡಾಕ್ಟರರೇ ಏನಿಲ್ಲ ಎಂದ ಮೇಲೆ ಓಣಿ ಸುಮ್ಮನಿರುತ್ತದೆಯೇ? ಕೆಲಸಗಳ್ಳಿ ಎಂದು ಮೂಗು ಮುರಿಯಿತು. ಆ ಮಾತು ಅವಳನ್ನು ನೋವಿಗಿಂತ ಹೆಚ್ಚು ಸುಟ್ಟಿತು. ಬುದ್ಧಿ ಬಂದಾಗಿನಿಂದ ಮಗ್ಗದ ಮುಂದೆ ಕೂತವಳನ್ನು ಹಾಗೆ ಅನ್ನುವುದಕ್ಕೆ ಜನರಿಗೆ ಬಾಯಿಯಾದರೂ ಹೇಗೆ ಬಂತೋ.

ಅವಳನ್ನು ಒಂದು ದಿನವೂ ಅನುಮಾನಿಸದವಳು ಅತ್ತೆ ಬನಶಂಕ್ರವ್ವ. ಸೊಸೆಯ ತಲೆ ಬಾಚಿದಳು, ಜಳಕ ಮಾಡಿಸಿದಳು, ರೊಟ್ಟಿ ಮುರಿದು ಬಾಯಿಗಿಟ್ಟಳು. ಆ ಕೈಗೆ ಹಳೆಯ ಸೀರೆಯ ಮೆತ್ತನೆಯ ಬಟ್ಟೆ ಹೊದಿಸಿ, ಹತ್ತಿರ ಬಂದವರನ್ನು ದೂರದಿಂದಲೇ ಗದರಿಸಿ ಕಳಿಸುತ್ತಿದ್ದಳು. ಸೊಸೆ ಬಂದು ಒಲೆ ಹಿಡಿದಾಗಿನಿಂದ ಮೂಲೆ ಸೇರಿದ್ದ ಮುದುಕಿ, ಈ ಎರಡು ವರ್ಷದಲ್ಲಿ ಮತ್ತೆ ಮನೆಯ ಯಜಮಾನಿಯಾಗಿ ಓಡಾಡಿದಳು. ಸೊಂಟನೋವು ಕೂಡ ಮರೆತುಹೋಗಿತ್ತು.

ಎರಡು ಸಾವಿರದ ಏಳರಲ್ಲಿ, ಬಾಗಲಕೋಟೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನೋವಿಗೇ ಬೇರೆ ಡಾಕ್ಟರು ಇದ್ದಾರೆಂಬ ಸುದ್ದಿ ಬಂತು. ಡಾಕ್ಟರ್ ಪ್ರಿಯದರ್ಶಿನಿ ಕೈಯನ್ನು ಮುಟ್ಟಲಿಲ್ಲ. ಬಾಗಿ ನೋಡಿದರು, ಬಾಯಿಂದ ಮೆಲ್ಲಗೆ ಅದರ ಮೇಲೆ ಊದಿದರು. ದುರ್ಗವ್ವ ಕುರ್ಚಿಯಲ್ಲೇ ಹಿಂದಕ್ಕೆ ಸರಿದಳು.

"ಇದು ಖರೆ ನೋವು. ನರದ ರೋಗ. ಎಕ್ಸ್‌ರೇದಾಗ ಕಾಣೂದಿಲ್ಲ," ಎಂದರು.

ದುರ್ಗವ್ವ ಅಲ್ಲೇ ಅತ್ತುಬಿಟ್ಟಳು. ಔಷಧಿ ಆಮೇಲೆ ಇರಲಿ, ಖರೆ ಅಂದರಲ್ಲ, ಅಷ್ಟೇ ಸಾಕಾಗಿತ್ತು.

ಡಾಕ್ಟರು ಬಿಡಿಸಿ ಹೇಳಿದರು. ಕೆಟಮಿನ್ ಎಂಬ ಮದ್ದು. ಆಪರೇಷನ್ನಿಗೆ ಮಂಪರು ಬರಿಸಲು ಕೊಡುವುದೇ. ಇಲ್ಲಿ ಸ್ವಲ್ಪವೇ ಸ್ವಲ್ಪ, ಸಲೈನಿನಲ್ಲಿ ಹನಿ ಹನಿಯಾಗಿ, ಕೆಲವು ದಿನ. ಎಲ್ಲರಿಗೂ ಹತ್ತುತ್ತದೆಂಬ ಭರವಸೆ ಇಲ್ಲ. "ಇನ್ನೊಂದು ಮಾತು ಕೇಳ್ರಿ. ಈ ಮದ್ದು ಕೈ ರಿಪೇರಿ ಮಾಡೂದಿಲ್ಲ. ನೋವಿನ ಬಾಯಿ ಸ್ವಲ್ಪ ದಿವಸ ಮುಚ್ಚತೈತಿ, ಅಷ್ಟ. ಅಷ್ಟರಾಗ ನೀವು ಕೈಗೆ ಕೆಲಸ ಹಚ್ಚಬೇಕು. ಮೊದಲು ರೇಷ್ಮಿ, ಆಮ್ಯಾಲ ಹತ್ತಿ ಬಟ್ಟಿ, ಆಮ್ಯಾಲ ಗೋಣಿತಟ್ಟು, ದಿನಾ ಕೈಮ್ಯಾಲ ತಿಕ್ಕಬೇಕು. ನೋವಾಗ್ತೈತಿ, ಆದ್ರ ಕೈ ಕೆಡೂದಿಲ್ಲ. ಮುಚ್ಚಿ ಇಟ್ರಿ ಅಂದ್ರ ಮತ್ತ ಅದ ನೋವು ತಿರುಗಿ ಬರ್ತೈತಿ."

ಗಂಡ ಸೋಮಲಿಂಗ ಮನೆಗೆ ಬಂದವನೇ ತಕರಾರು ತೆಗೆದ. "ಮಂಪರಿನ ಮದ್ದಂತ. ಎಚ್ಚರ ಆಗಲಿಲ್ಲಂದ್ರ ಏನ್ ಮಾಡೂದು?"

"ಎರಡು ವರ್ಷ ಎಚ್ಚರ ಇದ್ದು ಸಾಕಾಗೈತ್ರಿ," ಎಂದಳು ದುರ್ಗವ್ವ. ಅಲ್ಲಿಗೆ ಆ ಮಾತು ಮುಗಿಯಿತು.

ತಯಾರಿಯಲ್ಲಿ ಅವಳು ಕೂದಲೆಳೆಯಷ್ಟೂ ತಪ್ಪಲಿಲ್ಲ. ಹಿಂದಿನ ರಾತ್ರಿಯಿಂದ ಹೊಟ್ಟೆಗೇನೂ ಹಾಕಬಾರದು ಎಂದಿದ್ದರು. ಬಸ್ಸಿನಲ್ಲಿ ಪಕ್ಕದವಳು ಒತ್ತಾಯ ಮಾಡಿ ಕೊಟ್ಟ ಒಂದು ತುಣುಕು ಬಾಳೆಹಣ್ಣನ್ನೂ ಕಿಟಕಿಯಿಂದ ಎಸೆದಳು. ಜೊತೆಗೊಬ್ಬರು ಬೇಕು ಎಂದಿದ್ದರು. ಎದುರು ಮನೆಯಲ್ಲಿ ನೂಲು ಸುತ್ತುವ ಗೆಳತಿ ಶಹರಬಾನು ಬುರ್ಖಾ ಏರಿಸಿ ಹೊರಟಳು. ತಲೆ ಹಗುರಾಗಿ ಏನೇನೋ ಕಾಣುತ್ತದೆ, ಮನಸ್ಸಿನಲ್ಲಿ ಒಳ್ಳೆಯದೊಂದನ್ನು ಹಿಡಿದುಕೊಂಡು ಬನ್ನಿ ಎಂದೂ ಹೇಳಿದ್ದರು. ಇದರ ಬಗ್ಗೆ ದುರ್ಗವ್ವ ಬಹಳ ತಲೆ ಕೆಡಿಸಿಕೊಂಡಳು. ಮೊದಲು ಬಾದಾಮಿಯ ಬನಶಂಕರಿಯನ್ನೇ ಹಿಡಿದುಕೊಳ್ಳೋಣ ಎಂದುಕೊಂಡಳು. ಆದರೆ ತಾಯಿಗೆ ಹೊತ್ತ ಹರಕೆ ಒಂದೆರಡು ಬಾಕಿ ಇದ್ದವು, ಆ ಹೊತ್ತಿನಲ್ಲಿ ಕೇಳಿಬಿಟ್ಟರೆ ಕಷ್ಟ. ಕೊನೆಗೆ ಬೆಳಗಿನ ಓಣಿಯಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಹಸಿರು ಹಾಸನ್ನು ಮನಸ್ಸಿನಲ್ಲಿಟ್ಟುಕೊಂಡು ಮಲಗಿದಳು.

ಹಾಸೂ ಕಾಣಲಿಲ್ಲ, ಓಣಿಯೂ ಕಾಣಲಿಲ್ಲ. ಎಡಗೈಗೆ ಸೂಜಿ ಚುಚ್ಚಿ, ಬೆರಳಿಗೆ ಚಿಮಟದಂಥದ್ದೊಂದು ಸಿಕ್ಕಿಸಿ, ಕೋಣೆಯ ಬೆಳಕು ಇಳಿಸಿದರು. ಸ್ವಲ್ಪ ಹೊತ್ತಿಗೆ ಮಂಚ ಮೆಲ್ಲಗೆ ದೂರ ಸರಿಯಿತು. ತಾನು ಒಂದು ಕಡೆ, ಮೈ ಇನ್ನೊಂದು ಕಡೆ. ಕೆಳಗೆ ಬಿಳಿ ಹಾಸಿಗೆಯ ಮೇಲೆ ಒಂದು ಬಾತ ಕೈ ಬಿದ್ದುಕೊಂಡಿತ್ತು.

"ಇದು ಯಾರ ಕೈ ಬಾನು?" ಎಂದು ಕೇಳಿದಳು. ನಾಲಿಗೆ ದಪ್ಪವಾಗಿತ್ತು.

 ಶಹರಬಾನು ತುಟಿಯಲ್ಲೇ ಪ್ರಾರ್ಥನೆ ಶುರುಮಾಡಿದಳು. "ಹಂಗ ಅನಸ್ತೈತ್ರಿ, ಏನೂ ಆಗೂದಿಲ್ಲ," ಎಂದು ನರ್ಸ್ ಬಂದು ಬಿಪಿ ನೋಡಿ ಹೋದಳು.

ದುರ್ಗವ್ವನಿಗೆ ಆ ಕೈಯನ್ನು ಕಂಡು ಅಯ್ಯೋ ಎನಿಸಿತು. ಎರಡು ವರ್ಷ ತಾನು ಅದಕ್ಕೆ ಶಾಪ ಹಾಕಿದ್ದೇ ಹಾಕಿದ್ದು. ಕಡಿದು ಒಗೆಯಬೇಕು ಎಂದೂ ಅಂದಿದ್ದಳು. ಇಷ್ಟು ಸೀರೆಗೆ ದುಡಿದದ್ದು ಇದೇ ಅಲ್ಲವೇ? ಇದನ್ನು ಹೀಗೇ ಬಿಡುವುದಿಲ್ಲ ಎಂದು ಅಷ್ಟು ದೂರದಿಂದಲೇ ನಿಶ್ಚಯ ಮಾಡಿದಳು. ಆಮೇಲೆ ವಾಂತಿಯಾಯಿತು, ಗೋಡೆ ಎರಡೆರಡಾಗಿ ಕಂಡಿತು, ಸಂಜೆಯವರೆಗೆ ಕಾಲು ನೆಲಕ್ಕೆ ಹತ್ತಲಿಲ್ಲ. ಆ ನಿಶ್ಚಯ ಮಾತ್ರ ಇಳಿಯಲಿಲ್ಲ.

ಆಸ್ಪತ್ರೆಯ ಕೊನೆಯ ದಿನ ಫ್ಯಾನ್ ತಿರುಗುತ್ತಿತ್ತು. ಗಾಳಿ ಕೈಗೆ ತಾಗುತ್ತಿದೆ ಎಂಬುದು ಅವಳಿಗೆ ಬಹಳ ಹೊತ್ತಿನ ಮೇಲೆ ಗೊತ್ತಾಯಿತು. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಂಡು, ಬಲಗೈಯಲ್ಲೇ ಒಂದು ಚೂರು ಹಿಡಿದು ಶಹರಬಾನುವಿನ ಬಾಯಿಗಿಟ್ಟಳು. ಅವಳು ಅಗಿಯುವುದನ್ನು ಬಿಟ್ಟು ಅಳತೊಡಗಿದಳು.

ಮನೆಯಲ್ಲಿ ಬನಶಂಕ್ರವ್ವ ಸಜ್ಜಾಗಿ ಕೂತಿದ್ದಳು. ದೊಡ್ಡ ಆಸ್ಪತ್ರೆಯಲ್ಲಿ ದಿನಗಟ್ಟಲೆ ಸಲೈನ್ ಹಾಕಿಸಿಕೊಂಡು, ಮೈ ಸೋತು ಬಂದವಳಿಗೆ ಏನು ಮಾಡಬೇಕು? ಆ ಮನೆಗೆ ಗೊತ್ತಿದ್ದ ಆರೈಕೆ ಒಂದೇ, ಬಾಣಂತನ. ಹೊರಸಿನ ಮೇಲೆ ಮಲಗಿಸಿದಳು, ತಲೆಗೆ ಬಟ್ಟೆ ಬಿಗಿದಳು, ಕಿವಿಗೆ ಹತ್ತಿ ತುರುಕಿದಳು, ಹೊರಸಿನ ಕೆಳಗೆ ಕೆಂಡವಿಟ್ಟು ಹೊಗೆ ಹಾಕಿದಳು. ನಲವತ್ತು ದಾಟಿದ ದುರ್ಗವ್ವ ಅಂಟಿನುಂಡಿ ತಿಂದು, ಹಸಿ ಬಾಣಂತಿಯಂತೆ ಬೆವರುತ್ತ ಬಿದ್ದುಕೊಂಡಳು. ಕೂಸು ಒಂದು ಕಡಿಮೆ. ಆ ಜಾಗದಲ್ಲಿ ಬಲಗೈ ಇತ್ತು. ಎಣ್ಣೆ ಸವರಿ, ಮೂರು ಸುತ್ತು ಬಟ್ಟೆ ಸುತ್ತಿ, ದಿಂಬಿನ ಮೇಲೆ ಮಲಗಿಸಿದ್ದರು. ಡಾಕ್ಟರು ಹೇಳಿದ್ದನ್ನು ಹೇಳಿದರೆ ಮುದುಕಿ ಕಿವಿಗೆ ಹಾಕಿಕೊಳ್ಳಲಿಲ್ಲ. "ಮೈ ಹಸಿ ಐತಿ. ತಿಂಗಳೊಪ್ಪತ್ತು ಹೋಗ್ಲಿ, ಆಮ್ಯಾಲ ನೋಡೂಣು."

ಕೆಲವು ದಿನ ದುರ್ಗವ್ವನೂ ಸುಮ್ಮನಿದ್ದಳು. ಸುಖವಾಗಿತ್ತು, ಸುಳ್ಳೇಕೆ ಹೇಳಬೇಕು. ಆದರೆ ಒಂದು ಬೆಳಗ್ಗೆ ಬಟ್ಟೆ ಬಿಚ್ಚಿ ನೋಡಿದರೆ ಬೆರಳು ಬಿಗಿದುಕೊಂಡಿವೆ, ಕಿರುಬೆರಳ ಬುಡದಲ್ಲಿ ಹಳೆಯ ಉರಿ ಇಣುಕುತ್ತಿದೆ. ಅವಳಿಗೆ ಬಹಳ ಭಯವಾಯಿತು. ಕಿವಿಯ ಹತ್ತಿ ಕಿತ್ತೆಸೆದು, ಹೊರಸಿನಿಂದ ಇಳಿದು, ಮಗ್ಗದ ಕೋಣೆಗೆ ಹೋಗಿ ಗಂಡನ ಮುಂದೆ ಕೈ ಚಾಚಿದಳು.

ಸೋಮಲಿಂಗ ರೇಷ್ಮೆಯ ತುಂಡಿನಿಂದ ಎರಡು ಸಲ ಸವರಿದ. ಅವಳು ಹುಬ್ಬು ಗಂಟಿಕ್ಕಿದ್ದೇ ತಡ, ಕೈಬಿಟ್ಟು ಎದ್ದುಹೋದ. ತಾನೇ ಎಡಗೈಯಿಂದ ತಿಕ್ಕಿ ನೋಡಿದಳು. ನೋವು ಬರುವ ಹೊತ್ತಿಗೆ ಎಡಗೈ ತಾನಾಗಿ ನಿಂತುಬಿಡುತ್ತಿತ್ತು. ಶಹರಬಾನು ಬಂದು ಕಣ್ಣು ಮುಚ್ಚಿಕೊಂಡು ಹತ್ತಿ ಬಟ್ಟೆಯಿಂದ ಶುರುಮಾಡಿದಳು, ಅರ್ಧಕ್ಕೇ ಅತ್ತಳು. ಕೊನೆಗೆ ಇಬ್ಬರೂ ಚಹಾ ಕುಡಿದರು. ಕೈ ಹಾಗೆಯೇ ಉಳಿಯಿತು.

ನೋವು ಕೊಟ್ಟರೂ ಬಿಡದವರು ಬೇಕು. ಅಂಥ ಹಟದವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು. ದುರ್ಗವ್ವ ಗೋಣಿತಟ್ಟಿನ ತುಂಡು ತಂದು ಅತ್ತೆಯ ತೊಡೆಯ ಮೇಲಿಟ್ಟಳು.

"ಇದನ್ನ ನೀವ ಮಾಡಬೇಕ್ರಿ ಅತ್ತಿ."

ಬನಶಂಕ್ರವ್ವ ಅದನ್ನು ಹಾವು ಕಂಡಂತೆ ನೋಡಿದಳು. "ಎರಡು ವರ್ಷ ಈ ಕೈಗೆ ಗಾಳಿ ಸೋಕದಂಗ ಕಾಯ್ದೇನಿ. ಈಗ ನನ್ನ ಕೈಲೇ ನೋಯಿಸಂತೀ?"

"ನೀವು ಕಾಯ್ದದ್ದಕ್ಕ ನಾ ಬದುಕೇನ್ರಿ. ಆದ್ರ, ಇನ್ನ ಕಾಯ್ಕೋತ ಕೂತ್ರ ಈ ಕೈ ಉಳಿಯೂದಿಲ್ಲ."

ಮುದುಕಿ ಗೋಣಿತಟ್ಟನ್ನು ಆಚೆ ಸರಿಸಿದಳು. ಆಮೇಲೆ, ಬೇರೆ ಯಾರಿಗೋ ಹೇಳುವಂತೆ ಗೋಡೆಯ ಕಡೆ ತಿರುಗಿ ಅಂದಳು: "ನೀ ನೆಟ್ಟಗಾದ್ರ ನನಗೇನು ಕೆಲಸ ಉಳೀತೈತಿ?"

ಅಂದಮೇಲೆ ಅವಳಿಗೇ ನಾಚಿಕೆಯಾಯಿತು. ದುರ್ಗವ್ವನಿಗೆ ಕೋಪ ಬಂತು, ಅದರ ಬೆನ್ನಿಗೇ ಕನಿಕರವೂ ಬಂತು. ತನ್ನನ್ನು ಕೂಸಿನಂತೆ ಸಾಕಿದ ಮುದುಕಿಗೆ ಏನೆಂದು ಸಮಾಧಾನ ಹೇಳುವುದು?  ಎದುರಿಗೆ ಕೂತು ಬಲಗೈಯನ್ನು ಅವಳ ಮಡಿಲಿಗಿಟ್ಟಳು.

"ಈ ಕೆಲಸ ಐತಲ್ರಿ. ಇದು ಯಾರ ಕೈಲೂ ಆಗವಲ್ದು. ನಾ ಅಳ್ತೇನಿ, ಬೈತೇನಿ. ನೀವು ಬಿಡಬ್ಯಾಡ್ರಿ."

ಬನಶಂಕ್ರವ್ವ ಗೋಣಿತಟ್ಟು ಎತ್ತಿಕೊಂಡಳು. ಮೊದಲ ಸಲ ತಿಕ್ಕಿದಾಗ ದುರ್ಗವ್ವ ಉಸಿರು ಬಿಗಿಹಿಡಿದಳು. ಎರಡನೆಯದಕ್ಕೆ ಕಿರುಚಿದಳು. ಅತ್ತೆಯ ಏಳೇಳು ತಲೆಮಾರನ್ನು ಹಿಡಿದು ಬೈದಳು. ಮದುವೆಯಾದಾಗಿನಿಂದ ನುಂಗಿಕೊಂಡದ್ದೆಲ್ಲ ಅದೇ ಹೊತ್ತಿಗೆ ಹೊರಬಿತ್ತು. ಮಗ್ಗ ನಿಂತಿತು. ಸೋಮಲಿಂಗ ಓಡಿ ಬಂದು ಹೊಸ್ತಿಲಲ್ಲಿ ನಿಂತ.

"ಬಿಡ್ರಿ ಅತ್ತಿ. ನಿಮ್ಮ ಕಾಲು ಬೀಳ್ತೇನಿ, ಬಿಡ್ರಿ."

"ಅವ್ವಾ, ಬಿಡ ಬೇ," ಎಂದ ಸೋಮಲಿಂಗ.

"ನೀ ಮಗ್ಗಕ್ಕ ಹೋಗು," ಎಂದಳು ಬನಶಂಕ್ರವ್ವ. ಅವಳ ಗಲ್ಲದಿಂದ ನೀರು ತೊಟ್ಟಿಕ್ಕಿ ಸೊಸೆಯ ಕೈಮೇಲೆಯೇ ಬೀಳುತ್ತಿತ್ತು. ಮೂಗು ಸೋರುತ್ತಿತ್ತು. ಗೋಣಿತಟ್ಟು ಮಾತ್ರ ನಿಲ್ಲಲಿಲ್ಲ. ಮಣಿಕಟ್ಟಿನಿಂದ ಬೆರಳ ತುದಿಗೆ, ತುದಿಯಿಂದ ಮಣಿಕಟ್ಟಿಗೆ ಹೋಗಿ ಬರುತ್ತಲೇ ಇತ್ತು.

ಹೀಗೆ ದಿನಾ ನಡೆಯಿತು. ಅತ್ತೆ ಸೊಸೆಯರ ಜಗಳ ಕೇಳಲು ಓಣಿ ಕಿವಿ ನಿಮಿರಿಸಿತು. ಕೆಲಸಗಳ್ಳಿ ಎಂದವರು ಈಗ ಮುದುಕಿಯನ್ನು ರಾಕ್ಷಸಿ ಎಂದರು. ಇಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೈಗುಳ ಬರಬರುತ್ತ ಕಡಿಮೆಯಾದವು, ಬೆರಳು ಒಂದೊಂದಾಗಿ ಮಡಚತೊಡಗಿದವು. ನೋವು ಪೂರ್ತಿ ಹೋಯಿತೆಂದಲ್ಲ. ಇನ್ನೊಮ್ಮೆ ಮದ್ದು ಹಾಕಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದರು, ದುರ್ಗವ್ವ ಅದಕ್ಕೂ ತಯಾರಾಗಿದ್ದಳು.

ಒಂದು ಮಧ್ಯಾಹ್ನ, ತಿಕ್ಕಿ ಮುಗಿದ ಕೈ ಇನ್ನೂ ಉರಿಯುತ್ತಿರುವಾಗಲೇ, ಅವಳು ಎದ್ದು ಹೋಗಿ ಮಗ್ಗದ ಮುಂದೆ ಕೂತಳು. ಬನಶಂಕ್ರವ್ವ ಕನ್ನಡಕ ಏರಿಸಿ ಎದುರಿಗೆ ಕೂತು, ಸೆರಗಿನ ಕೆಂಪು ಎಳೆ ಬೇರ್ಪಡಿಸಿ ಕೊಟ್ಟಳು. ಎಳೆ ಜಾರಿತು. ಮತ್ತೆ ಕೊಟ್ಟಳು. ಮತ್ತೆ ಜಾರಿತು. ಒಮ್ಮೆ ತುಂಡಾಯಿತು. ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು. ಕೊನೆಗೆ ಎಳೆಯೊಳಗೆ ಎಳೆ ಹೊಕ್ಕು, ಕೊಂಡಿ ಬಿತ್ತು. ಸೊಟ್ಟಗಿತ್ತು, ಆದರೆ ಎಳೆದರೆ ಬಿಚ್ಚಲಿಲ್ಲ.

ದುರ್ಗವ್ವ ಕೈ ಕೆಳಗಿಳಿಸಿದಳು. "ಇವತ್ತಿಗೆ ಸಾಕ್ರಿ ಅತ್ತಿ. ಭಾಳ ಉರಿಯಾಕತ್ತೈತಿ."

ಬನಶಂಕ್ರವ್ವ ಮುಂದಿನ ಎಳೆಯನ್ನು ಎತ್ತಿ ಹಿಡಿದಳು. "ಇನ್ನೊಂದು ಹಾಕು," ಎಂದಳು.