ಹಿತ್ತಿಲ ಗೂಡಿನ ಡಬ್ಬಿ

ಮೂರು ದಿನ ಹಿಡಿದಿದ್ದ ಮಳೆ ಬೆಳಗಿನ ಜಾವ ಸ್ವಲ್ಪ ಹೊಳವಾಗಿತ್ತು. ತ್ರಿಪ್ಲಿಕೇನಿನ ಆ ಓಣಿಯಲ್ಲಿ ಮಾತ್ರ ಇನ್ನೂ ಕಣಕಾಲುದ್ದ ನೀರು, ಕರೆಂಟೂ ಇರಲಿಲ್ಲ. ಅಡುಗೆಮನೆಯ ಕತ್ತಲಲ್ಲಿ ಭೀಮಾಬಾಯಿ ಮೂರನೆಯ ಬೆಂಕಿಕಡ್ಡಿ ಗೀರುತ್ತಿದ್ದರು.

"ದೊಡ್ಡಮ್ಮಾ, ಏನ್ಮಾಡ್ತಿದೀರ?" ಮೈದುನನ ಮಗ ಸತ್ಯಾತ್ಮ ಬಾಗಿಲಲ್ಲೇ ನಿಂತ. ಕರ್ಮಕ್ಕೆ ಕೂರಬೇಕಾದವನು ಅವನೇ. "ದೊಡ್ಡಪ್ಪನ್ನ ಹಜಾರದಲ್ಲಿ ಮಲಗಿಸಿರೋವಾಗ ಯಾರಾದ್ರೂ ಒಲೆ ಹಚ್ತಾರೆಯೇ?"

"ನೀರು ಕಾಯಿಸ್ತಿದೀನಿ. ಅವರ ಸ್ನಾನಕ್ಕೆ."

"ಅದಕ್ಕೆ ಬಿಸಿನೀರು ಯಾಕೆ? ಹಿತ್ತಿಲ ನಲ್ಲೀಲಿ ಒಂದು ಕೊಡ ಹಿಡಿದ್ರೆ ಆಯ್ತು."

ಕಡ್ಡಿ ಹತ್ತಿತು.

"ಆ ನಲ್ಲಿ ನೀರು ಬೇಡ. ಅದು ಸಾಕಾಗಿದೆ ಅವರಿಗೆ."

ಪಾತ್ರೆ ಸದ್ದು ಹಜಾರಕ್ಕೆ ಕೇಳಿತು. "ಒಳಗೆ ಏನದು?" ಎಂದರು ಕರ್ಮ ಮಾಡಿಸಲು ಬಂದಿದ್ದ ಆಚಾರ್ಯರು.

"ಬೆಕ್ಕು ಆಚಾರ್ರೇ," ಎಂದಳು ಮಗಳು ಹರಿಪ್ರಿಯಾ, ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಳ್ಳುತ್ತ.

ಪಕ್ಕದ ಮನೆಯ ಉಷಾ ತನ್ನ ಪಾಡಿಗೆ ಹೇಳುತ್ತಿದ್ದಳು: "ಬೆಳಿಗ್ಗೆ ಎದ್ದು ಸಂಧ್ಯಾವಂದನೆ, ಆಮೇಲೆ ಬಸ್ಸು ಹತ್ತಿ ಹೋಗಿ ಮೊಟ್ಟೆ! ಇಡೀ ಮೆಡ್ರಾಸ್‌ನಲ್ಲಿ ಅಂಥ ಮಾಧ್ವರು ಬದರಿನಾಥ ಮಾಮಾ ಒಬ್ಬರೇ."

ಯಾರೋ ನಕ್ಕರು. ನಕ್ಕಿದ್ದಕ್ಕೆ ತಾವೇ ಕೆಮ್ಮಿಕೊಂಡರು.

*

ಎಗ್ಮೋರ್ ಸ್ಟೇಷನ್ನಿನ ಹಿಂದೆ, ಒಂದು ಸಂಶೋಧನಾ ಸಂಸ್ಥೆಯಲ್ಲಿ ಬದರಿನಾಥರು ಸಹಾಯಕರಾಗಿದ್ದರು. ನದೀದಂಡೆಗಳಲ್ಲಿ ಅಗೆದು ತಂದ ಮಣ್ಣನ್ನು ಜರಡಿ ಹಿಡಿದು, ಸಾವಿರಾರು ವರ್ಷದ ಹಿಂದಿನ ಉಷ್ಟ್ರಪಕ್ಷಿಗಳ ಮೊಟ್ಟೆಚಿಪ್ಪಿನ ಚೂರು ಆರಿಸುವುದು, ಯಾವ ಊರು, ಎಷ್ಟು ಅಡಿ ಆಳ ಎಂದು ಒಂದೊಂದಕ್ಕೂ ಚೀಟಿ ಬರೆಯುವುದು. ಚೀಟಿ ತಪ್ಪಿದರೆ ಚೂರು ಅನಾಥ. ನಿವೃತ್ತರಾದ ಮೇಲೂ ಅವರನ್ನು ಕರೆಯುತ್ತಿದ್ದರು. ಆ ಕಣ್ಣು ಬೇರೆಯವರಿಗಿರಲಿಲ್ಲ.

"ನಮ್ಮ ದೇಶದಲ್ಲೂ ಇತ್ತು ಕಣೆ ಆ ಹಕ್ಕಿ," ಎನ್ನುತ್ತಿದ್ದರು, ಹಿತ್ತಿಲಲ್ಲೇ ನಿಂತು. "ಹಾರ್ತಿರ್ಲಿಲ್ಲ, ಓಡ್ತಿತ್ತು. ಎಂಥ ಹುಲ್ಲು ತಿಂದಿತ್ತು, ಆಗ ಮಳೆ ಇತ್ತೋ ಬರವಿತ್ತೋ, ಎಲ್ಲಾ ಈ ಚಿಪ್ಪಿನಲ್ಲಿದೆ. ಚೂರು ಪುಡಿ ಮಾಡಿ ಮಿಷಿನ್‌ಗೆ ಕೊಟ್ರೆ ಹೇಳತ್ತೆ. ಭಗವಂತ ಏನನ್ನೂ ಮರೆಯಲ್ಲ ನೋಡು."

"ಭಗವಂತನ ವಿಷಯ ಆಮೇಲೆ. ಮೊದಲು ಸ್ನಾನ."

"ಮೂವತ್ತು ಸಾವಿರ ವರ್ಷ ಆದ್ಮೇಲೂ ಮೈಲಿಗೆಯೇ?"

"ಮೊಟ್ಟೆ ಮೊಟ್ಟೆಯೇ."

ಗೀಸರ್ ಇದ್ದದ್ದು ಒಳಗೆ, ದೇವರಮನೆ ದಾಟಿ. ಮೊಟ್ಟೆ ಮುಟ್ಟಿದವರು ಅಲ್ಲಿಗೆ ಹಾಯುವಂತಿಲ್ಲ. ಜೇಬಿನಲ್ಲಿ ಚಿಪ್ಪಿನ ಡಬ್ಬಿ ಇದ್ದರೆ ಅದನ್ನು ಗೋಡೆಯ ಗೂಡಿನಲ್ಲಿಟ್ಟು, ನಲ್ಲಿಯ ಕೆಳಗೆ ತುಂಬಿಸಿಟ್ಟ ಕೊಡವನ್ನು ಉಟ್ಟ ಬಟ್ಟೆಯ ಮೇಲೇ ಸುರಿದುಕೊಳ್ಳುತ್ತಿದ್ದರು. ಮೂವತ್ತು ವರ್ಷ ಹೀಗೇ ನಡೆದಿತ್ತು.

ಒಂಬತ್ತು ದಿನದ ಹಿಂದೆ ಮಳೆಯಲ್ಲಿ ನೆನೆದು, ಕೆಮ್ಮುತ್ತ ಬಂದರು.

"ಭೀಮೂ, ಇವತ್ತೊಂದು ದಿನ ಒಳಗೆ ಬಿಸಿನೀರು ಕೊಡ್ತೀಯಾ? ಮೈ ಕಾದ ಹಾಗಿದೆ."

ಭೀಮಾಬಾಯಿ ಹಿತ್ತಿಲ ಬಾಗಿಲ ಚಿಲಕ ತೆಗೆಯಲಿಲ್ಲ. "ನಾಳೆ ಏಕಾದಶಿ. ದೇವರ ಪಾತ್ರೆ ಎಲ್ಲಾ ತೊಳೆದಿಟ್ಟಿದೀನಿ. ಒಂದು ಕೊಡ ತಾನೇ, ಸುರ್ಕೊಂಡು ಬನ್ನಿ."

"ಸರಿ ಕಣೆ."

ನೀರು ಬಿದ್ದ ಸದ್ದು ಕೇಳಿತು. ಮೂರನೆಯ ರಾತ್ರಿ ಉಸಿರು ಕಟ್ಟಿತು. ಆಸ್ಪತ್ರೆಯಿಂದ ಅವರು ನಡೆದು ಬರಲಿಲ್ಲ.

ಬಿಸಿನೀರನ್ನು ಹಿತ್ತಿಲಿಗೇ ತಂದುಕೊಡಬಹುದಿತ್ತು. ಆಗ ಅದು ಭೀಮಾಬಾಯಿಗೆ ತೋಚಲಿಲ್ಲ ಎಂದರೆ ಸುಳ್ಳಾಗುತ್ತದೆ. ತೋಚಿತ್ತು. ಒಮ್ಮೆ ಕೊಟ್ಟರೆ ಅಭ್ಯಾಸವಾಗಿಬಿಡುತ್ತದೆ ಎಂದುಕೊಂಡಿದ್ದರು.

*

ಸತ್ಯಾತ್ಮನೇ ಬಿಸಿನೀರಿನ ಕೊಡ ಹೊತ್ತು ತಂದ. ಆಚಾರ್ಯರ ಬೆರಳು ಕೊಡಕ್ಕೆ ತಾಗಿ ಚುರ್ ಎಂದಿತು. ಅವರು ಒಮ್ಮೆ ಭೀಮಾಬಾಯಿಯ ಮುಖ ನೋಡಿದರು. ಆಮೇಲೆ ಮಂತ್ರ ಮುಂದುವರಿಸಿದರು.

ಗಂಡಸರು ಪಂಚೆ ಎತ್ತಿಕಟ್ಟಿ, ಚಟ್ಟ ಹೊತ್ತು, ನೀರಿನಲ್ಲಿ ನಡೆದು ಹೋದರು. ಹೆಂಗಸರು ಒಬ್ಬೊಬ್ಬರೇ ಹಿತ್ತಿಲಿಗೆ ಹೋಗಿ ಸ್ನಾನ ಮುಗಿಸಿಕೊಂಡರು. ಭೀಮಾಬಾಯಿ ಒಬ್ಬರೇ ಹಿತ್ತಿಲ ಬಾಗಿಲ ಹತ್ತಿರ, ಮೈತುಂಬ ಸೆರಗು ಹೊದ್ದು ಕೂತಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದ ಹುಡುಗಿಯೊಬ್ಬಳು ಬಂದು ಎದುರು ಕೂತಳು.

"ಮಾಮಿ, ನಾನು ರಂಜನಿ. ಸರ್ ಜೊತೆ ಲ್ಯಾಬ್‌ನಲ್ಲಿದ್ದೆ. ನಿಮ್ಮ ವಿಷಯ ತುಂಬಾ ಹೇಳೋರು."

ಭೀಮಾಬಾಯಿ ತಲೆ ಎತ್ತಲಿಲ್ಲ. "ಏನು ಹೇಳೋರು?"

"ಐದು ಗಂಟೆ ಆದ್ರೆ ಎದ್ಬಿಡೋರು. 'ಮನೇಲಿ ಕೊಡ ತುಂಬಿಸಿಟ್ಕೊಂಡು ನನಗೋಸ್ಕರ ಕಾಯ್ತಿರ್ತಾಳೆ ಕಣಮ್ಮ' ಅಂತ."

ಭೀಮಾಬಾಯಿ ಗೋಡೆಯ ಕಡೆ ತಿರುಗಿದರು. ರಂಜನಿ ಕೈಯಲ್ಲಿದ್ದ ಚಪ್ಪಲಿಯನ್ನು ಪಕ್ಕಕ್ಕಿಟ್ಟಳು.

"ಈ ಹೊತ್ತಲ್ಲಿ ಕೇಳಬಾರದು ಮಾಮಿ. ಸರ್ ಒಂದು ಡಬ್ಬಿ ತಂದಿದ್ರು, ಸಂಸ್ಥೆಯದು. ಹಿತ್ತಿಲ ಗೂಡಲ್ಲಿ ಇಡ್ತೀನಿ ಅಂತಿದ್ರು. ಯಾರಾದ್ರೂ ಎಸೆದ್ಬಿಟ್ರೆ ಅಂತ... ನಾನೇ ತಗೊಳ್ತೀನಿ, ನೀವು ಮುಟ್ಟಬೇಡಿ. ನಿಮಗೆ ಆಗಲ್ಲ ಅಂತ ಸರ್ ಹೇಳಿದ್ರು."

ಅವಳು ಎದ್ದು ಹಿತ್ತಿಲಿಗೆ ಇಣುಕಿದಳು. ಗೂಡು ಖಾಲಿ ಇತ್ತು. "ಅಯ್ಯೋ, ಮಳೇಲಿ ಕೊಚ್ಚಿಕೊಂಡು..."

ನಲ್ಲಿಯ ಕೆಳಗೆ ಕೊಡ ತುಂಬಿ ಹರಿಯುತ್ತಿತ್ತು. "ಅಮ್ಮಾ, ನಿನ್ನದೊಂದೇ ಬಾಕಿ, ಬಾ," ಎಂದು ಹರಿಪ್ರಿಯಾ ಕರೆದಳು.

ಭೀಮಾಬಾಯಿ ಆ ಕಡೆ ನೋಡಲಿಲ್ಲ. ಅಷ್ಟು ಹೊತ್ತೂ ಸೆರಗಿನೊಳಗೇ ಇದ್ದ ಕೈಗಳನ್ನು ಹೊರಗೆ ತೆಗೆದರು.

"ಹನ್ನೆರಡು ಚೂರಿದೆ. ಬಿಚ್ಚಿ ನೋಡಿದೀನಿ," ಎಂದರು. "ಚೀಟಿ ಒಂದೂ ನೆಂದಿಲ್ಲ."

ರಂಜನಿ ಎರಡೂ ಕೈ ಒಡ್ಡಿದಳು. ಡಬ್ಬಿ ಬೆಚ್ಚಗಿತ್ತು.