ಡ್ರಮ್ಮಿನ ಹುಡುಗಿಯ ಉಡಿ

ಗೇಟಿನ ಕಾವಲುಗಾರ ಅಬ್ದುಲಮಜೀದ ತೆಂಗಿನಕಾಯಿಯನ್ನು ಅಂಗೈಯಲ್ಲಿ ತೂಗಿ ನೋಡಿದ. ಜನರ ಚೀಲಗಳಲ್ಲಿ ಅವನಿಗೆ ಬೆಂಕಿಪೊಟ್ಟಣ, ಗುಟ್ಕಾ, ಬಾಟಲಿ ಎಲ್ಲ ಸಿಕ್ಕಿದ್ದವು. ರಾಕ್ ಸಂಗೀತ ಕೇಳಲು ಕಾಯಿ ತಂದವಳು ಈಕೆಯೇ ಮೊದಲಿಗಳು.

"ಇದನ್ನ ಒಳಗ ಬಿಡಂಗಿಲ್ರಿ ಅಮ್ಮಾರ. ಯಾರರ ಸ್ಟೇಜಿಗೆ ಒಗದ್ರ ನನ್ನ ನೌಕರಿ ಹೋಗ್ತದ."

ಹೆಣ್ಣುಮಗಳ ಮಡಿಲಿಗೆ ಉಡಿ ತುಂಬುವ ಕಾಯಿಯಪ್ಪಾ ಅದು, ಒಗೆಯುವುದಲ್ಲ ಎಂದು ಸಾವಕ್ಕ ಪರಿಪರಿಯಾಗಿ ಹೇಳಿದಳು. ಅವನು ಜಗ್ಗಲಿಲ್ಲ. ಹೋಗುವಾಗ ಒಯ್ಯಿರಿ ಎಂದು ಅದನ್ನು ತನ್ನ ಕುರ್ಚಿಯ ಕೆಳಗೆ ಇಟ್ಟುಕೊಂಡ. ಮಗಳು ಋತುಜಾ ತಾಯಿಯ ರಟ್ಟೆ ಹಿಡಿದು ಮೈದಾನದೊಳಗೆ ಎಳೆದುಕೊಂಡು ಹೋದಳು. ಕಾಯಿಯಿಲ್ಲದ ಉಡಿ ಎಂಥ ಉಡಿ ಎಂದು ಸಾವಕ್ಕ ಆ ಕುರ್ಚಿಯ ಕಡೆ ತಿರುತಿರುಗಿ ನೋಡುತ್ತ ಹೋದಳು.

ಬೈರಿದೇವರಕೊಪ್ಪದ ಸಾವಕ್ಕ ಸಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಅವಳಿಗೂ ಈ ಗದ್ದಲದ ಸಂಗೀತಕ್ಕೂ ಏನು ಸಂಬಂಧ ಅಂತೀರಿ? ರಿಮೋಟಿನ ಸೆಲ್ ಮುಗಿದದ್ದೇ ಸಂಬಂಧ. ಒಂದು ರವಿವಾರ ಟಿವಿ ಆ ವಾದ್ಯತಂಡಗಳ ಸ್ಪರ್ಧೆಗೇ ಅಂಟಿಕೊಂಡು ನಿಂತಿತು. ಪಾತ್ರೆ ಉರುಳಿಸಿದ ಹಾಗೆ ಇದೆಂಥ ಹಾಡು ಎಂದು ಬೈಯುತ್ತ ಕೂತವಳ ಕಣ್ಣಿಗೆ ಹಿಂದೆ ಡ್ರಮ್ ಬಾರಿಸುವ ಕರುಣಾ ಬಿದ್ದಳು. ತೋಳು ಮಡಚಿ, ತುಟಿ ಕಚ್ಚಿ, ಬೆವರು ಒರೆಸಿಕೊಳ್ಳಲೂ ಬಿಡುವಿಲ್ಲದೆ ದುಡಿಯುತ್ತಿದ್ದಳು ಆ ಹುಡುಗಿ. ಇನ್ನೂರು ಮಕ್ಕಳ ಅನ್ನದ ಹಂಡೆಯ ಮುಂದೆ ತಾನು ನಿಲ್ಲುವುದೂ ಹೀಗೇ ಅಲ್ಲವೇ ಅನ್ನಿಸಿತು ಸಾವಕ್ಕನಿಗೆ. ಆಮೇಲೆ ಒಂದು ರವಿವಾರವನ್ನೂ ಬಿಡಲಿಲ್ಲ.

ಕೊನೆಯ ಸುತ್ತಿನಲ್ಲಿ ಕರುಣಾಳ ತಂಡ ಸೋತಿತು. ಉಳಿದೆಲ್ಲರ ತಾಯಂದಿರು ವೇದಿಕೆ ಹತ್ತಿ ಮಕ್ಕಳನ್ನು ಅಪ್ಪಿಕೊಂಡು ಅತ್ತರು. ಕರುಣಾ ಒಬ್ಬಳೇ ಹಿಂದೆ ಕೂತು ಡ್ರಮ್ಮಿನ ತಿರುಪು ಬಿಚ್ಚುತ್ತಿದ್ದಳು. ಅವಳ ಕಡೆ ಯಾರೂ ಬರಲಿಲ್ಲ. ಆ ದಿನ ಸಾವಕ್ಕ ಊಟದ ತಟ್ಟೆ ಸರಿಸಿ ಎದ್ದಳು. ಅದೇ ಹುಡುಗಿ ಹುಬ್ಬಳ್ಳಿಗೆ ಬರುತ್ತಾಳೆಂದು ಗೊತ್ತಾದಾಗ, ಊರಿಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವುದೇ ಎಂದು ಹಟ ಹಿಡಿದಳು.

ತೊಡಕು ಇದ್ದದ್ದು ಬೇರೆ ಕಡೆ. ಗಂಡ ನೀಲಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಓಣಿಯಲ್ಲಿ ಯಾರೂ ಅವಳನ್ನು ಉಡಿ ತುಂಬಲು ಕರೆದಿರಲಿಲ್ಲ. ಗಂಡನಿಲ್ಲದವಳು ತುಂಬಬಾರದು, ಅದು ರೂಢಿ. ಹೋದ ವರ್ಷ ಮದುವೆಯಾದ ಋತುಜಾ ತುಂಬುವುದು, ಸಾವಕ್ಕ ದೂರ ನಿಂತು ನೋಡುವುದು ಎಂದು ಮಾತಾಗಿತ್ತು. ಬಾಯಿ ಒಪ್ಪಿತ್ತು, ಹೊಟ್ಟೆ ಒಪ್ಪಿರಲಿಲ್ಲ.

ಮೊದಲ ಹೊಡೆತ ಬಿದ್ದಾಗ ಸಾವಕ್ಕ ಮಗಳನ್ನು ತಬ್ಬಿಕೊಂಡಳು. ಟಿವಿಯಲ್ಲಾದರೆ ಸದ್ದು ಹೆಚ್ಚಾದರೆ ಕಡಿಮೆ ಮಾಡಬಹುದಿತ್ತು. ಇಲ್ಲಿ ಅದು ಕಾಲಿನಿಂದ ಹತ್ತಿ ಎದೆಯೊಳಗೆ ಬಡಿಯಿತು. ಓಡಿ ಹೋಗಬೇಕು ಅನ್ನಿಸಿತು. ಮೂರನೆಯ ಹಾಡಿಗೆ ಅವಳ ಹಿಮ್ಮಡಿ ತಾನೇ ತಾಳ ಹಾಕುತ್ತಿತ್ತು. ಇಷ್ಟು ದಿನ ಟಿವಿಯವರು ತನಗೆ ಬರೀ ನೆರಳು ತೋರಿಸಿ ಮೋಸ ಮಾಡಿದರಲ್ಲ ಎಂದು ಸಿಟ್ಟೂ ಬಂತು.

ತಪ್ಪಾದದ್ದು ನಾಲ್ಕನೆಯ ಹಾಡಿನಲ್ಲಿ. ಅವಳ ತವರಿನ ದೊಡ್ಡಾಟದಲ್ಲಿ ಯಾರಾದರೂ ಆಹೇರಿಯ ಉಡುಗೊರೆ ಹಿಡಿದು ಬಂದರೆ ಮದ್ದಳೆ ನಿಲ್ಲುತ್ತಿತ್ತು, ಕೊಟ್ಟವರ ಹೆಸರು ಕೂಗಿ ಆಟ ಮುಂದುವರಿಯುತ್ತಿತ್ತು. ಇಲ್ಲಿಯೂ ಹಾಗೆಯೇ ಎಂದುಕೊಂಡ ಸಾವಕ್ಕ ಮಗಳ ಚೀಲದಿಂದ ಉಡಿಯ ಗಂಟು ಎಳೆದುಕೊಂಡು, ತಲೆಯ ಮೇಲೆ ಎತ್ತಿ ಹಿಡಿದು, ಜನರನ್ನು ಸೀಳಿಕೊಂಡು ಕಬ್ಬಿಣದ ತಡೆಯವರೆಗೆ ಹೋಗಿಬಿಟ್ಟಳು.

ಯಾವ ಮದ್ದಳೆಯೂ ನಿಲ್ಲಲಿಲ್ಲ. ಕರಿ ಅಂಗಿಯ ಕಟ್ಟಾಳೊಬ್ಬ ಗಂಟಿಗೆ ಕೈ ಹಾಕಿದ. ಸಾವಕ್ಕ ಬಿಡಲಿಲ್ಲ. ಅವನು ಎಳೆದ, ಇವಳು ಎಳೆದಳು. ಗಂಟು ಸಡಿಲಾಗಿ ಹಿಡಿ ಅಕ್ಕಿ ನೆಲಕ್ಕೆ ಚೆಲ್ಲಿತು. "ನಮ್ಮವ್ವನ್ನ ಬಿಡ್ರಿ" ಎಂದು ಹಿಂದಿನಿಂದ ಋತುಜಾ ಚೀರಿದಳು.

ಆಗ ಡ್ರಮ್ ನಿಂತಿತು. ಅದರ ಹಿಂದೆ ಗಿಟಾರುಗಳು ಒಂದೊಂದಾಗಿ ನಿಂತವು. ಇಡೀ ಮೈದಾನ ತನ್ನನ್ನೇ ನೋಡುತ್ತಿದೆ ಎಂದು ತಿಳಿದಾಗ, ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ ಅನ್ನಿಸಿತು ಸಾವಕ್ಕನಿಗೆ.

ಕರುಣಾ ಕೆಳಗಿಳಿದು ಬಂದಳು. ಟಿವಿಯಲ್ಲಿ ಕಂಡದ್ದಕ್ಕಿಂತ ಗಿಡ್ಡ, ಕಣ್ಣ ಕೆಳಗೆ ದಣಿವು. ಕಟ್ಟಾಳಿಗೆ ಸರಿಯಲು ಹೇಳಿ ಗಂಟಿನೊಳಗಿನ ಕುಪ್ಪಸದ ಖಣ, ಎಲೆ ಅಡಿಕೆ, ಅರಿಶಿಣ ಕೊಂಬನ್ನು ನೋಡಿದಳು. ಯಾರಿಗೆ ಇದು ಎಂದು ಕೇಳಿದಳು.

"ನಿನಗವಾ," ಎಂದಳು ಸಾವಕ್ಕ.

ಅಷ್ಟರಲ್ಲಿ ಋತುಜಾ ನುಗ್ಗಿ ಬಂದು ಗಂಟು ಇಸಿದುಕೊಂಡಳು. ತಾನು ತುಂಬುತ್ತೇನೆ, ಅವ್ವ ತುಂಬಬಾರದು ಎಂದಳು. ಕರುಣಾ ಸಾವಕ್ಕನ ಬರಿ ಹಣೆಯ ಕಡೆ ನೋಡಿದಳು. ಸಾವಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

"ನನ್ನ ಮಾಲಕರು ತೀರಕೊಂಡಾರವಾ. ಕಾಯಿನೂ ಗೇಟಿನ್ಯಾಗ ಇಟಗೊಂಡ್ರು. ನನ್ನ ಕೈಲೆ ಬ್ಯಾಡ."

ಹುಡುಗಿಯ ಮುಖದಲ್ಲಿ ನಗೆಯಿರಲಿಲ್ಲ. ಹಿಂದೆ ಯಾರೋ ಸಿಳ್ಳೆ ಹಾಕಿದರು, ವೇದಿಕೆಯಿಂದ ಹಾಡುಗಾರ ಬೇಗ ಬಾ ಎಂದು ಕೈ ಬೀಸಿದ. ಕರುಣಾ ಕೋಲುಗಳನ್ನು ಹಿಂದಿನ ಜೇಬಿಗೆ ಸಿಕ್ಕಿಸಿದಳು. ಬೆವರಿನಲ್ಲಿ ನೆನೆದ ಕರಿ ಟೀ ಶರ್ಟಿನ ಅಂಚನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ, ಸಾವಕ್ಕನ ಎದುರಿಗೆ ತಿರುಗಿ ನಿಂತಳು.

"ಲಗೂ ತುಂಬ್ರಿ ಅವ್ವಾರ. ಇನ್ನೂ ಎರಡು ಹಾಡು ಅದಾವ."

ಋತುಜಾ ಗಂಟು ಬಿಚ್ಚಿ ತಾಯಿಯ ಮುಂದೆ ಹಿಡಿದಳು. ಸಾವಕ್ಕ ಸೆರಗಿನಿಂದ ಕೈ ಹೊರತೆಗೆದಳು. ಒಂದು ಬೊಗಸೆ ಅಕ್ಕಿ, ಎರಡು, ಮೂರು. ಐದು ಮುಗಿಯುವ ತನಕ ಅವಳು ತಲೆಯೆತ್ತಲಿಲ್ಲ. ಖಣ, ಎಲೆ ಅಡಿಕೆ, ಕೊಂಬು ಇಟ್ಟಾದ ಮೇಲೆ ಕರುಣಾ ಅಂಚನ್ನು ಸುತ್ತಿ ಸೊಂಟದ ಹತ್ತಿರ ಗಂಟು ಹಾಕಿಕೊಂಡು, ತಲೆ ಬಾಗಿಸಿ, ಮೆಟ್ಟಿಲು ಹತ್ತಿದಳು.

ಕಟ್ಟಾಳು ತಾಯಿ ಮಗಳಿಬ್ಬರನ್ನೂ ಜನರ ಹಿಂದಕ್ಕೆ ಕಳಿಸಿದ. ಹಾಡು ಮತ್ತೆ ಶುರುವಾಯಿತು. ದೊಡ್ಡ ಪರದೆಯ ಮೇಲೆ ಡ್ರಮ್ ಹತ್ತಿರದಿಂದ ಕಾಣಿಸಿತು. ಸಡಿಲಾದ ಗಂಟಿನಿಂದ ನಾಲ್ಕಾರು ಅಕ್ಕಿಕಾಳು ಡ್ರಮ್ಮಿನ ಮೇಲೆ ಉದುರಿ, ಪ್ರತಿ ಹೊಡೆತಕ್ಕೂ ಮೇಲಕ್ಕೆ ಹಾರಿ ಬೀಳುತ್ತಿದ್ದವು. ಜನರೆಲ್ಲ ಪರದೆಯ ಕಡೆ ಕೈ ತೋರಿಸಿ ಕೂಗಿದರು. ಸಾವಕ್ಕ ಪರದೆ ನೋಡಲಿಲ್ಲ. ತುದಿಗಾಲಲ್ಲಿ ನಿಂತು, ಜನರ ತಲೆಗಳ ನಡುವಿನಿಂದ, ದೂರದಲ್ಲಿ ಗೇಣುದ್ದ ಕಾಣುತ್ತಿದ್ದ ಆ ಹುಡುಗಿಯನ್ನೇ ನೋಡುತ್ತಿದ್ದಳು.