ಪಿನ್ ಕೂತಿತು ಅಂತ ಹಾಕಿದ ಚಾರ್ಜರ್

ಬೇಸಿಗೆ ಕಾಲ, ಮಧ್ಯಾಹ್ನ ಎರಡು ಗಂಟೆ. ಬಡಗಿ ಊಟ ಮುಗಿಸಿ ಸ್ಕೂಟರಿನ ಬ್ಯಾಟರಿ ಕಳಚಿ ತಂದು, ಮನೆ ಬಾಗಿಲ ಪಕ್ಕ ಮರದ ಹೊಟ್ಟಿನ ರಾಶಿಯ ಹತ್ತಿರ ಇಟ್ಟ. ಅದರ ಚಾರ್ಜರ್ ತಂಗಿಯ ಮನೆಯಲ್ಲೇ ಮರೆತುಬಂದಿದ್ದ. ಅಟ್ಟದ ಮೇಲೆ ಹಳೇ ಸ್ಕೂಟರಿನದು ಇತ್ತಲ್ಲ! ಪಿನ್ ತೂರಿಸಿದ, ಗೂಟ ಕೂತ ಹಾಗೆ ಕೂತಿತು. ನಲವತ್ತು ವರ್ಷ ಚೌಕಟ್ಟು ಜೋಡಿಸಿದ ಕೈ ಅದು. ಸಂದಿಲ್ಲದೆ ಕೂತದ್ದು ಸರಿಯಾದದ್ದು ಅಂತಲೇ ಅದಕ್ಕೆ ಗೊತ್ತು.

ಒಳಕೋಣೆಯಲ್ಲಿ ಅವನ ತಾಯಿ ಮಲಗಿದ್ದಳು. ಮಂಡಿ ನೋವು, ಯಾರಾದರೂ ಹಿಡಿದೆತ್ತದೆ ಏಳಲಾರಳು. ಹೊರಬರಲು ಬ್ಯಾಟರಿ ಇಟ್ಟ ಆ ಬಾಗಿಲೊಂದೇ.

ಮೂರು ಗಂಟೆಗೆ ಪಕ್ಕದ ಮನೆಯ ಮೋಟಾರು ರಿಪೇರಿಯವಳು ಮುರಿದ ಸ್ಟೂಲು ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು.

"ಅಣ್ಣಾ, ಏನಿದು ವಾಸನೆ?"

"ವಾರ್ನಿಷ್ ಕಣಮ್ಮಾ. ಮೋಟಾರಿನ ಜೊತೆ ನಿನ್ನ ಮೂಗೂ ಸುಟ್ಟಿದೆ."

"ತಮಾಷೆ ಬಿಡು. ಬ್ಯಾಟರಿ ಹೊಟ್ಟೆ ಉಬ್ಬಿದೆ ನೋಡು! ಯಾವ ಚಾರ್ಜರಿದು?"

"ಹಳೇದು. ಅದೂ ನಲವತ್ತೆಂಟು ವೋಲ್ಟು, ಇದೂ ನಲವತ್ತೆಂಟು. ಪಿನ್ನೂ ಹೇಗೆ ಕೂತಿದೆ ನೋಡು."

"ಅಯ್ಯೋ, ಅದು ಆಸಿಡ್ ಬ್ಯಾಟರಿದು! ಇದು ಲಿಥಿಯಂ. ತುಂಬಿದ ಮೇಲೂ ತುರುಕ್ತಾ ಇದೆ. ಗೋಡೆ ಸ್ವಿಚ್ ಆರಿಸು! ಬ್ಯಾಟರಿ ಮುಟ್ಟಬೇಡ. ಮೊದಲು ಅಮ್ಮನ್ನ ಎತ್ಕೊಂಡು ಬಾ!"

ಸ್ವಿಚ್ ಆರಿಸಿ ಒಳಗೆ ಓಡಿದ.

"ನನ್ನ ಕನ್ನಡಕ ಕಣೋ..."

"ಆಮೇಲೆ ಅಮ್ಮಾ!"

ತಾಯಿಯನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟುವಾಗ ಬ್ಯಾಟರಿ ಬುಸ್ ಎಂದಿತು. ಅವನು ಬೀದಿ ಮುಟ್ಟುವಷ್ಟರಲ್ಲಿ ಬಿಳಿ ಹೊಗೆ, ಹಿಂದೆಯೇ ಬೆಂಕಿ. ಹೊಟ್ಟಿನ ರಾಶಿ ಧಗ್ಗೆಂದಿತು. ನೆರೆಯವಳು ಆಗಲೇ ಅಗ್ನಿಶಾಮಕದವರಿಗೆ ಫೋನು ಮಾಡಿದ್ದಳು.

ಅವರು ಬಂದು ಆರಿಸಿದರು. ಬಾಗಿಲು ಹೋಯಿತು, ಕನ್ನಡಕ ಹೋಯಿತು, ತಾಯಿ ಉಳಿದಳು.

"ಸರಿಯಾಗಿ ಕೂತಿತ್ತಲ್ಲಮ್ಮಾ..." ಎಂದ ಬಡಗಿ ನೆರೆಯವಳಿಗೆ.

"ಮರದಲ್ಲಿ ಕೂತರೆ ಸರಿ ಅಣ್ಣಾ. ಇಲ್ಲಿ ಚಾರ್ಜರ್ ಮೇಲೆ ಅಂಟಿಸಿದ ಚೀಟಿ ಓದಬೇಕು."

ಕೇಳಿದವರೇ, ನಿಮ್ಮ ಮನೆಯ ಚಾರ್ಜರನ್ನೂ ಇವತ್ತೇ ತಿರುಗಿಸಿ ನೋಡಿ. ಬ್ಯಾಟರಿಯ ಜೊತೆ ಬಂದದ್ದು, ಇಲ್ಲವೇ ಅದನ್ನು ಮಾಡಿದ ಕಂಪನಿಯೇ ಹೇಳಿದ್ದು, ಅದನ್ನು ಮಾತ್ರ ಹಾಕಿ. ಓಡಾಡುವ ಬಾಗಿಲಲ್ಲಿ, ಮರ ಬಟ್ಟೆಗಳ ಹತ್ತಿರ ಚಾರ್ಜಿಗೆ ಇಡಬೇಡಿ, ಇಟ್ಟು ಮಲಗಬೇಡಿ. ಉಬ್ಬಿದ್ದು ಕಂಡರೆ, ವಾಸನೆ ಬಂದರೆ, ಬ್ಯಾಟರಿಯ ಆಸೆ ಬಿಟ್ಟು ಜನರನ್ನು ಹೊರಗೆ ತನ್ನಿ.

ತಾಯಿಯನ್ನು ಕರೆದೊಯ್ಯಲು ತಂಗಿ ಬಂದಳು, ಕೈಯಲ್ಲಿ ಆ ಮರೆತ ಚಾರ್ಜರ್. "ನನಗೆ ಕಾಣಲ್ಲ, ಚೀಟಿ ನೀನೇ ಓದಿ ಹೇಳೋ," ಎಂದಳು ತಾಯಿ. ಮಗ ಒಂದೊಂದೇ ಅಕ್ಷರ ಓದಿದ. ಕೊನೆವರೆಗೂ ಕೇಳಿಸಿಕೊಂಡು, ಅವಳು ಮಗಳ ಮನೆಗೆ ಹೊರಟಳು.